ಕಾಫಿ ಮೂಟೆಗಳ ಜೊತೆ ಬಂದ ಬಳ್ಳಿ

ಆ ಬಳ್ಳಿಗೆ ನನಗೆ ಬಿದ್ದ ಬೆಲೆ ಆರುನೂರು ರೂಪಾಯಿ. ಅರವತ್ತು ಮೂಟೆ ಚೆರಿ, ಅಂದರೆ ಹಣ್ಣು ಸಮೇತ ಒಣಗಿಸಿದ ಕಾಫಿಗೆ, ಮೂಟೆಗೆ ಹತ್ತರಂತೆ ಜಾಸ್ತಿ ಕೊಟ್ಟೆ, ಬಳ್ಳಿ ಅದರಲ್ಲೇ ಸೇರಿತು. ತೊಂಬತ್ತರ ದಶಕದ ನಡುವಿನ ಮಾತು. ಅಷ್ಟು ದುಡ್ಡಿಗೆ ನರ್ಸರಿಯಿಂದ ಅರ್ಧ ಜೀಪು ಗಿಡ ತರಬಹುದಿತ್ತು. ಆದರೆ ಇದು ನರ್ಸರಿಯಲ್ಲಿ ಸಿಗುತ್ತಿರಲಿಲ್ಲ. ಕ್ಲೆಮಾಟಿಸ್ ಎಂದು ಹೆಸರು. ಸಾಸರಿನಷ್ಟು ಅಗಲದ ನೇರಳೆ ಹೂ. ನನಗೆ ಗೊತ್ತಿದ್ದ ಹಾಗೆ ಇದ್ದದ್ದು ಒಂದೇ ಕಡೆ, ಜಾವಳಿ ಹತ್ತಿರದ ಒಂದು ಎಸ್ಟೇಟಿನ ಮನೆಯಲ್ಲಿ. ನನ್ನ ಹೆಂಡತಿ ಒಂದು ವರ್ಷದಿಂದ ಅದರದ್ದೇ ಮಾತಾಡುತ್ತಿದ್ದಳು. ಅದಕ್ಕೇ ತಂದೆ.

ನಾನು ಬೇರೆಯವರ ಗೋಡೌನಿನಲ್ಲಿ ಮೂಟೆ ಹೊತ್ತು, ಆಮೇಲೆ ಕಿಲೋ ಲೆಕ್ಕದಲ್ಲಿ ಮೆಣಸು ಕೊಂಡು ಮೇಲೆ ಬಂದವನು. ಕಾಫಿಯನ್ನು ಬೋರ್ಡಿಗೇ ಕೊಡಬೇಕೆಂಬ ಕಟ್ಟು ಹೋಗಿ ಬೇಕಾದವರಿಗೆ ಮಾರಬಹುದು ಎಂದಾದ ಮೇಲೆ ಕೊಟ್ಟಿಗೆಹಾರದಲ್ಲಿ ಸ್ವಂತ ಗೋಡೌನು, ಅದರ ಹಿಂದೆ ಮನೆ ಮಾಡಿದೆ. ಹೆಂಡತಿ ಬಯಲುಸೀಮೆಯ ಕಡೂರು ಕಡೆಯವಳು. ಮಳೆ ಅವಳಿಗೆ ಹೊಸದು, ಜನ ಇನ್ನೂ ಹೊಸಬರು. ಅಕ್ಕಪಕ್ಕವೆಲ್ಲ ಹೋಟೆಲು, ಗ್ಯಾರೇಜು. ಅವಳಿಗೆ ಗೆಳತಿ ಎಂದು ಇದ್ದವರು ಆ ಎಸ್ಟೇಟಿನ ಯಜಮಾನಿ ಒಬ್ಬರೇ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದ ಹಿರಿಯರು. ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು, ನನ್ನ ಹೆಂಡತಿ ಅಕ್ಕ ಎನ್ನುತ್ತಿದ್ದಳು.

ಇಬ್ಬರ ನಡುವೆ ಒಂದು ಬಿದಿರು ಬುಟ್ಟಿ ಓಡಾಡುತ್ತಿತ್ತು. ಅಲ್ಲಿಂದ ಸೂಜಿಮಲ್ಲಿಗೆ ಕಡ್ಡಿಯೋ ಥನ್‌ಬರ್ಜಿಯಾ ಬಳ್ಳಿಯ ಬೇರೋ ಕೆಸುವಿನೆಲೆಯಲ್ಲಿ ಸುತ್ತಿ ಬರುತ್ತಿತ್ತು. ಇಲ್ಲಿಂದ ಶಂಖಪುಷ್ಪದ ಬೀಜ, ಕಡೂರಿನ ದುಂಡುಮಲ್ಲಿಗೆ ಹೋಗುತ್ತಿತ್ತು. ಬುಟ್ಟಿಯನ್ನು ಖಾಲಿ ವಾಪಸು ಕಳಿಸುವ ಪದ್ಧತಿಯಿಲ್ಲ. ನಮ್ಮ ಲಾರಿ ಆ ಕಡೆ ಹೋದಾಗಲೆಲ್ಲ ಬುಟ್ಟಿಯೂ ಹೋಗುತ್ತಿತ್ತು. ಹೆಂಗಸರ ಆಟ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಆ ದಿನ ಅಮ್ಮಾವ್ರೂ ನಾನೂ ಅವರ ಕಣದಲ್ಲಿ ವ್ಯಾಪಾರಕ್ಕೆ ನಿಂತಿದ್ದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಪಕ್ಕದಲ್ಲಿದ್ದರು.

"ಮೂಟೆಗೆ ಇಪ್ಪತ್ತು ಜಾಸ್ತಿ ಮಾಡಿ ಸಾವ್ಕಾರ್ರೆ. ಮೂಡಿಗೆರೆಯವ್ರು ಬಂದು ಕೇಳಿ ಹೋಗಿದ್ದಾರೆ."

"ಅವ್ರು ಕೇಳಿ ಹೋಗೋರು ಅಮ್ಮಾವ್ರೆ, ನಾನು ತೂಗಿ ಒಯ್ಯೋನು."

"ನಿಮ್ಮ ನಾಲಿಗೆನ ಮೊದ್ಲು ತೂಗ್ಬೇಕು ಮಾರಾಯ್ರೆ," ಎಂದು ಅವರು ನಕ್ಕರು.

ಆಗ ಜಗಲಿಯ ಕಂಬದ ಬುಡ ಕಣ್ಣಿಗೆ ಬಿತ್ತು. ಆ ನೇರಳೆ ಹೂವಿನ ಬಳ್ಳಿಯ ಒಂದು ಎಳೆಯನ್ನು ಬಗ್ಗಿಸಿ ಪಕ್ಕದ ಕುಂಡದ ಮಣ್ಣಿಗೆ ಊರಿ ಮೇಲೆ ಕಲ್ಲು ಇಟ್ಟಿದ್ದರು. ಬೇರು ಹಿಡಿದು ಚಿಗುರೂ ಬಂದಿತ್ತು.

"ಹತ್ತು ಜಾಸ್ತಿ ಮಾಡ್ತೀನಿ. ಆ ಕುಂಡನೂ ಅದ್ರಲ್ಲೇ ಸೇರ್ಬೇಕು."

ಅವರ ನಗು ನಿಂತಿತು. "ಅದನ್ನ ಯಾರಿಗೆ ಅಂತ ಊರಿದ್ದು ಗೊತ್ತಾ ನಿಮ್ಗೆ?"

"ಯಾರಿಗಾದ್ರೂ ಇರ್ಲಿ. ಅವ್ರಿಗಿಂತ ಜಾಸ್ತಿ ಕೊಡ್ತಿದೀನಲ್ಲ."

ಅವರು ರೈಟರ ಕಡೆ ತಿರುಗಿ, "ಎಳೆ ಕತ್ತರಿಸಿ ಕುಂಡ ಲಾರಿಗೆ ಇಡ್ಸಿ. ಸಾವ್ಕಾರ್ರು ಕೊಂಡಿದ್ದಾರೆ," ಎಂದರು.

ಮೂಟೆಗೆ ಹತ್ತು ಉಳಿಸಿದೆ, ಬಳ್ಳಿಯೂ ಬಂತು ಎಂದು ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ. ಮನೆಯ ಮುಂದೆ ಕುಂಡ ಇಳಿಸಿದಾಗ ಹೆಂಡತಿ ಓಡಿ ಬಂದಳು.

"ಅಕ್ಕ ಕೊಟ್ರಾ? ಮೊದ್ಲ ಮಳೆ ಬೀಳ್ಲಿ ಅಂದಿದ್ರಲ್ಲ?"

"ಕೊಡೋದೇನು, ಕೊಂಡ್ಕೊಂಡು ಬಂದೆ," ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅದನ್ನ ನಂಗೇ ಅಂತ ಊರಿದ್ದು ರೀ."

ಮರುವಾರ ಅವಳು ಬುಟ್ಟಿಯಲ್ಲಿ ಮಲ್ಲಿಗೆ ಸಸಿ ಕಳಿಸಿದಳು. ಬುಟ್ಟಿ ಖಾಲಿ ಬಂತು. ಅವಳೇ ಹೋದಳು. ಯಾವಾಗಲೂ ಅಡುಗೆಮನೆಗೆ ಕರೆದು ಮಣೆ ಹಾಕುತ್ತಿದ್ದವರು ಮುಂದಿನ ಹಾಲ್‌ನಲ್ಲಿ ಕುರ್ಚಿ ತೋರಿಸಿ, ಆಳಿನ ಕೈಯಲ್ಲಿ ಕಾಫಿ ಕಳಿಸಿದರಂತೆ. "ಯಜಮಾನ್ರು ಬೆಲೆ ಕೊಟ್ಟು ಮುಗ್ಸಿದ್ದಾರಲ್ಲ. ಇನ್ನು ಕೊಡೋದು ತಗೊಳ್ಳೋದು ಏನಿದೆ?" ಎಂದರಂತೆ.

"ಆ ಅಮ್ಮಂಗೆ ಜಂಬ," ಎಂದೆ ನಾನು. ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ನನ್ನ ತಪ್ಪಿಗೆ ಅವಳನ್ನೇಕೆ ದೂರ ಇಡಬೇಕಿತ್ತು? ಹೆಂಡತಿ ಮಾತ್ರ ಅವರನ್ನು ಒಂದು ದಿನವೂ ಬಯ್ಯಲಿಲ್ಲ. ಬುಟ್ಟಿಯನ್ನು ಅಟ್ಟದ ಮೇಲಿಟ್ಟಳು.

ಬಳ್ಳಿ ನನ್ನ ಪಾಲಿಗೆ ಬಿತ್ತು. ನಾನೇ ನೀರು ಹಾಕಿದೆ, ತಂತಿ ಕಟ್ಟಿದೆ. ಮೂರನೇ ವರ್ಷ ಕಿಟಕಿ ತುಂಬ ಹೂ. ದಾರಿಹೋಕರು ನಿಂತು ನೋಡುತ್ತಿದ್ದರು. ಅವಳು ಆ ಕಿಟಕಿಯನ್ನು ತೆರೆಯುತ್ತಲೇ ಇರಲಿಲ್ಲ. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ, ಬಳ್ಳಿಯ ಬುಡದಲ್ಲಿ ಒಂದು ಕುಂಡ, ಕುಂಡದಲ್ಲಿ ಊರಿದ ಎಳೆ, ಮೇಲೊಂದು ಕಲ್ಲು ಕಂಡೆ. ನಾನು ಇಟ್ಟದ್ದಲ್ಲ. ಅವಳದ್ದೇ ಕೆಲಸ.

ಮರುವರ್ಷ ಮಳೆಗಾಲ ಕಳೆದ ಮೇಲೆ ಅದೇ ರೈಟರು ಬಂದರು. "ಅಮ್ಮಾವ್ರ ಬಳ್ಳಿ ಈ ಮಳೆಗೆ ಬುಡ ಕೊಳೆತು ಹೋಯ್ತು. ಒಂದು ಗಿಡ ಬೇಕಂತೆ."

ಒಳಗಿಂದ ಕೇಳಿಸಿಕೊಂಡ ಹೆಂಡತಿ ಅಟ್ಟ ಹತ್ತಿ ಬುಟ್ಟಿ ಇಳಿಸಿದಳು. ಕುಂಡವನ್ನು ಅದರಲ್ಲಿಟ್ಟು ಕೆಸುವಿನೆಲೆ ಮುಚ್ಚಿ ತಂದಳು. ಅಷ್ಟು ವರ್ಷಗಳಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ಅಷ್ಟರಲ್ಲಿ ರೈಟರು ಜೇಬಿನಿಂದ ದುಡ್ಡು ತೆಗೆದಿದ್ದರು.

"ಆರುನೂರು ಕಳ್ಸಿದ್ದಾರೆ."

"ಬೇಡ ಮಾರಾಯ್ರೆ, ವಾಪಸ್ ಕೊಡಿ," ಎಂದೆ.

"ದುಡ್ಡು ತಗೊಳ್ಳದಿದ್ರೆ ಗಿಡ ತರ್ಬೇಡಿ ಅಂದಿದ್ದಾರೆ."

ಹೆಂಡತಿ ಕುಂಡವನ್ನು ಬುಟ್ಟಿಯಿಂದ ಹೊರಗೆ ತೆಗೆದಳು. ಅದನ್ನು ರೈಟರ ಕೈಗೆ ಕೊಟ್ಟಳು, ಬುಟ್ಟಿ ಕೊಡಲಿಲ್ಲ. ದುಡ್ಡು ತಗೊಂಡು ನನ್ನ ಅಂಗೈಯಲ್ಲಿಟ್ಟಳು.

"ಇಕೊಳ್ಳಿ. ನಿಮ್ಮ ವ್ಯಾಪಾರ ಪೂರ್ತಿ ಆಯ್ತು."

ನೀವು ಕ್ಲೆಮಾಟಿಸ್ ಬೆಳೆಸುವವರಾದರೆ ಕೇಳಿ. ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ, ನಮ್ಮ ಮಳೆಗೆ ನೀರು ನಿಂತರೆ ಮುಗಿಯಿತು. ಬುಡಕ್ಕೆ ನೆರಳು, ತಲೆಗೆ ಬಿಸಿಲು ಬೇಕು, ಬುಡದ ಮೇಲೆ ಒಂದು ಚಪ್ಪಟೆ ಕಲ್ಲಿಡಿ. ಕಡ್ಡಿ ನೆಟ್ಟು ಕಾಯಬೇಡಿ, ಎಳೆ ಬಗ್ಗಿಸಿ ಊರಿ ಒಂದು ವರ್ಷ ಬಿಡಿ. ಪ್ರತಿ ವರ್ಷ ಎರಡು ಊರಿ, ನಿಮಗೆ ಬಳ್ಳಿ ಕೊಟ್ಟವರ ಮನೆಗೆ ಒಂದು ಹೋಗಲಿ. ಅವರು ಕೇಳುವ ಮೊದಲೇ ಹೋಗಲಿ. ಇನ್ನು ಯಾರ ಮನೆಯಲ್ಲಾದರೂ ಒಳ್ಳೆ ಬಳ್ಳಿ ಕಂಡು ಬೆಲೆ ಬಾಯಿಗೆ ಬಂದರೆ, ಹೇಳುವ ಮೊದಲು ಮನೆಗೆ ಹೋಗಿ ಹೆಂಡತಿಯನ್ನು ಒಂದು ಮಾತು ಕೇಳಿ.