ಮಾವನ ಜೊತೆ ಹೆಡ್‌ಲೈಟ್ ಬದಲಿಸಿದ್ದು

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಣೆಬೆನ್ನೂರಿನಿಂದ ಬೆಂಗಳೂರಿನ ಹೂಡಿಯ ನಮ್ಮ ಫ್ಲ್ಯಾಟಿಗೆ ಬಂದಾಗ ನನಗೆ ಒಳಗೊಳಗೇ ದಿಗಿಲಾಗಿತ್ತು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೇ. ಅವರು ಬಟ್ಟೆ ಅಂಗಡಿ ನಡೆಸಿ ದೊಡ್ಡ ಮಗನ ಕೈಗೆ ಒಪ್ಪಿಸಿದವರು. ನಾನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಹಬ್ಬಕ್ಕೆ ಊರಿಗೆ ಹೋದಾಗ, "ಮಳಿ ಹೆಂಗೈತ್ರಿ ಬೆಂಗಳೂರಾಗ?" ಎಂದು ಕೇಳುತ್ತಿದ್ದರು. "ಪರವಾಗಿಲ್ಲ ಮಾವ" ಎನ್ನುತ್ತಿದ್ದೆ. ಅಲ್ಲಿಗೆ ಇಬ್ಬರಿಗೂ ಬಿಡುಗಡೆ. ಈಗ ಒಂದೂವರೆ ತಿಂಗಳು ಒಂದೇ ಹಾಲಿನಲ್ಲಿ ಕೂರಬೇಕಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅವರಿಗೆ ಲೋಕವೆಲ್ಲ ಹೊಸದಾಗಿ ಒಗೆದು ಹಾಕಿದ ಹಾಗೆ ಕಾಣಿಸತೊಡಗಿತು. ಮಗಳ ಸೀರೆಯ ಅಂಚು ಕಂದು ಅಲ್ಲ, ನೇರಳೆ ಎಂದು ಗೊತ್ತಾಗಿ, ಅದನ್ನು ತಾವೇ ಕೊಡಿಸಿದ್ದನ್ನು ನೆನೆದು ಒಂದು ದಿನವಿಡೀ ನಕ್ಕರು.

ಮೂರು ವಾರದ ನಂತರ ತಪಾಸಣೆ ಮುಗಿಸಿ ಸಂಜೆ ಏಳರ ಹೊತ್ತಿಗೆ ನಮ್ಮ ಹಳೆಯ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಹೂಡಿಯ ಹಿಂದಿನ ರಸ್ತೆಯಲ್ಲಿ ಬೀದಿದೀಪ ಇರಲಿಲ್ಲ. ಬಣ್ಣ ಬಳಿಯದ ಹಂಪೊಂದು ನನಗೆ ಕಾಣಿಸಲೇ ಇಲ್ಲ. ಕಾರು ಎಗರಿ ಬಿತ್ತು. ಮಾವನ ಕಪ್ಪು ಕನ್ನಡಕ ಹಾರಿ ಕಾಲಿನ ಬಳಿ ಹೋಯಿತು.

"ಅಲ್ರೀ ಅಳಿಯಾರ," ಅವರು ಬಗ್ಗದೆ ಕಾಲಿನಿಂದಲೇ ಕನ್ನಡಕ ಹುಡುಕುತ್ತ ಅಂದರು, "ನನಗ ಹಂಪು ಕಂಡಿತ್ತು. ನಿಮಗ ಹೇಳೋದ್ರಾಗ ಹಾರಿಸಿಬಿಟ್ರಿ. ಆಪರೇಷನ್ ಆಗಿದ್ದು ನನಗೋ, ಆಗಬೇಕಾಗಿದ್ದು ನಿಮಗೋ?"

"ಕಣ್ಣಲ್ಲ ಮಾವ, ಈ ಹೆಡ್‌ಲೈಟು. ದೀಪ ಹಾಕಿದ್ದೀನೋ ಇಲ್ವೋ ಅಂತ ನನಗೇ ಅನುಮಾನ ಬರುತ್ತೆ."

"ಹಂಗಾದ್ರ ಬದಲಿ ಮಾಡೂಣ್ರಿ."

ಭಾನುವಾರ ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋಗಿ ಒಂದು ಜೊತೆ ಎಲ್‌ಇಡಿ ಬಲ್ಬು ತಂದೆವು. ಅಂಗಡಿಯವರು ಎರಡು ತಾಸು ಕಾದರೆ ತಾವೇ ಹಾಕಿಕೊಡುತ್ತೇವೆ ಎಂದರು. ಮಾವ ಒಪ್ಪಲಿಲ್ಲ. "ಎರಡು ಬಲ್ಬ್ ಹಾಕಾಕ ಎರಡು ತಾಸು ಇವರ ಅಂಗಡ್ಯಾಗ ಯಾಕ ಕೂರಬೇಕು?" ಎಂದರು. ನಾವು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನಾಲ್ಕು ತಾಸು ಕೂತೆವು.

ಡಾಕ್ಟರು ಬಗ್ಗಬಾರದು ಎಂದಿದ್ದರಿಂದ ಮಾವನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದೆ. ಬಾನೆಟ್ ಎತ್ತಿ, ರಬ್ಬರ್ ಮುಚ್ಚಳ ಕಿತ್ತು, ಬಲ್ಬನ್ನು ಹಿಡಿದಿಡುವ ತಂತಿಯ ಕ್ಲಿಪ್ಪನ್ನು ಅದುಮಿದೆ. ಅದು ಟಣ್ ಎಂದು ಹಾರಿ ಎಂಜಿನ್ನಿನ ಸಂದಿಯಲ್ಲೆಲ್ಲೋ ಮಾಯವಾಯಿತು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ, ಕೈ ತೂರಿಸಿದೆ, ಕಾರಿನ ಕೆಳಗೆ ಮಲಗಿದೆ. ಊಹೂಂ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರು ರಾಯಚೂರಿನ ಕಡೆಯವರು. ಗದ್ದಲ ಕೇಳಿ ಅವರೂ ಬಂದರು.

"ಏನ್ ಕಳಕೊಂಡೀರಿ ಸಾರ್?"

"ಒಂದು ತಂತಿ."

"ತಂತಿ ಬೇಕಂದ್ರ ನನ್ನ ರೂಮಿನ್ಯಾಗ ಒಂದು ಸುರುಳಿ ಐತಿ, ಕೊಡ್ತೀನಿ ಬಿಡ್ರಿ."

ಮಾವನಿಗೆ ತಡೆಯಲಾರದ ನಗು. ಅಷ್ಟರಲ್ಲಿ ಚಹಾ ತಂದ ನನ್ನ ಹೆಂಡತಿ ವಿಷಯ ಕೇಳಿಕೊಂಡು ಮೇಲೆ ಹೋಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತವನ್ನು ಕಿತ್ತು, ನೂಲು ಕಟ್ಟಿ ತಂದಳು. ಬಾವಿಗೆ ಬಿದ್ದ ಕೊಡ ತೆಗೆಯುವವಳಂತೆ ಇಳಿಬಿಟ್ಟು ಮೂರನೇ ಸಲಕ್ಕೆ ಕ್ಲಿಪ್ಪನ್ನು ಎತ್ತಿದಳು. "ಇನ್ನೊಂದು ಕಡೆದನ್ನ ಅದುಮೋವಾಗ ಬಟ್ಟೆ ಅಡ್ಡ ಹಿಡೀರೀ" ಎಂದು ಹೇಳಿ, ಚಹಾ ಲೋಟಗಳನ್ನು ಎತ್ತಿಕೊಂಡು ಹೋದಳು.

ದೀಪ ಹಾಕಿದಾಗ ಎದುರಿನ ಗೋಡೆ ಬೆಳ್ಳಗೆ ಬೆಳಗಿತು. ನಾನು ಹಿಗ್ಗಿದೆ. ಮಾವ ಮಾತ್ರ ತಲೆ ಓರೆ ಮಾಡಿ ನೋಡಿದರು. "ಬಿಳೀ ಪಂಚೆಗೆ ನೀಲಿ ಜಾಸ್ತಿ ಆದಂಗ ಐತ್ರಿ" ಎಂದರು. ಬಟ್ಟೆಯ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಿಯೇ ಜೀವನ ಕಳೆದವರು ಅವರು.

ಆ ಸಂಜೆಯೇ ಒಂದು ಸುತ್ತು ಹೋದೆವು. ರೇಡಿಯೋ ಹಾಕಿದರೆ ಹಾಡಿನ ಬದಲು ಜೀರುಂಡೆಯ ಸದ್ದು. ದೀಪ ಆರಿಸಿದರೆ ಹಾಡು, ಹಾಕಿದರೆ ಜೀರುಂಡೆ. ಎಡಗಡೆಯ ಬಲ್ಬು ಆಗಾಗ ಕಣ್ಣು ಮಿಟುಕಿಸುತ್ತಿತ್ತು. ಎದುರಿಗೆ ಬಂದವರೆಲ್ಲ ನಮ್ಮತ್ತ ದೀಪ ಮಿನುಗಿಸುತ್ತಿದ್ದರು. ಕಡೆಗೆ ಆಟೋದವರೊಬ್ಬರು ಪಕ್ಕದಲ್ಲೇ ನಿಲ್ಲಿಸಿ, "ಏನ್ ಗುರು, ಸರ್ಚ್‌ಲೈಟ್ ಇಟ್ಕೊಂಡು ಯಾರನ್ನ ಹುಡುಕ್ತಾ ಇದ್ದೀಯಾ?" ಎಂದರು.

"ಕ್ಲಿಪ್ಪು!" ಎಂದು ಮಾವ ಒಳಗಿನಿಂದಲೇ ಕೂಗಿದರು.

ಮುಂದಿನ ಶನಿವಾರ ಮತ್ತೆ ನೆಲಮಾಳಿಗೆಗೆ ಇಳಿದೆವು. ತಪ್ಪು ಹುಡುಕುವುದೇ ನನ್ನ ಕಸುಬಾದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸೋಣ ಎಂದೆ. "ಟ್ಯೂಬ್‌ಲೈಟ್ ಕೆಟ್ರ ಮಾಡ್ತೀವಲ್ಲ, ಹಂಗ. ಇದನ್ನ ಅಲ್ಲಿಗೆ, ಅದನ್ನ ಇಲ್ಲಿಗೆ," ಎಂದರು ಮಾವ. ಎಡಗಡೆಯ ಬಲ್ಬನ್ನು ಬಲಕ್ಕೆ ಹಾಕಿದೆವು. ಆದರೂ ಮಿಟುಕುತ್ತಿದ್ದದ್ದು ಎಡಗಡೆಯೇ. ಅಂದರೆ ದೋಷ ಬಲ್ಬಿನದಲ್ಲ, ಅಲ್ಲಿಗೆ ಬರುವ ವೈರಿನದು. ಇಬ್ಬರೂ ಒಟ್ಟಿಗೇ "ಹಾಂ!" ಎಂದೆವು. ಮಾವ ನನ್ನ ಬೆನ್ನು ತಟ್ಟಿದರು. ಹತ್ತು ವರ್ಷದಲ್ಲಿ ಅದೇ ಮೊದಲು.

ಕಣ್ಣು ಕುಕ್ಕುವುದಕ್ಕೆ ಬೇರೆ ಕಾರಣ ಸಿಕ್ಕಿತು. ಬಲ್ಬನ್ನು ಓರೆಯಾಗಿ ಕೂರಿಸಿದ್ದೆ. ತಿರುಗಿಸಿ ಸರಿಮಾಡಿದಾಗ ಕೊಂಚ ತಗ್ಗಿತು. ಆದರೂ ಗೋಡೆಯ ಮೇಲೆ ಬೆಳಕು ಒಂದು ಗೆರೆಗೆ ನಿಲ್ಲದೆ ಮೇಲೆಲ್ಲ ಚೆಲ್ಲುತ್ತಿತ್ತು. ದೀಪದ ಹಿಂದಿರುವ ಹೊಳೆಯುವ ಬಟ್ಟಲನ್ನು ಹಳೆಯ ಬಲ್ಬಿನೊಳಗೆ ಉರಿಯುವ ಸಣ್ಣ ತಂತಿಗೆ ಹೊಂದುವಂತೆ ಮಾಡಿರುತ್ತಾರೆ. ಬೆಳಕು ಬೇರೆ ಜಾಗದಿಂದ ಹೊಮ್ಮಿದರೆ ಅದು ಎಲ್ಲೆಲ್ಲೋ ಹೋಗುತ್ತದೆ. ಎದುರಿನಿಂದ ವಾಹನ ಬಂದರೆ ಅದರ ಚಾಲಕ ಇರುವಂಥ ಜಾಗದಲ್ಲಿ ಮಾವನನ್ನು ನಿಲ್ಲಿಸಿ, ಕಪ್ಪು ಕನ್ನಡಕ ಹಾಕಿಸಿ, ಒಂದೇ ಕ್ಷಣ ದೀಪ ಹಾಕಿದೆ.

"ಆರಿಸ್ರಿ, ಆರಿಸ್ರಿ!" ಎಂದು ಕೈ ಅಡ್ಡ ಹಿಡಿದರು. ಆಮೇಲೆ ನಿಧಾನಕ್ಕೆ ಬಂದು ಕುರ್ಚಿಯಲ್ಲಿ ಕೂತು, "ಬ್ಯಾಡ್ರಿ ಇದು. ನಾನು ಈಗಷ್ಟೇ ಕಣ್ಣು ರಿಪೇರಿ ಮಾಡಿಸ್ಕೊಂಡಾಂವ. ನಮಗ ಕಾಣಲಿ ಅಂತ ಎದುರಿಗೆ ಬರಾಂವಗ ಕಾಣದಂಗ ಮಾಡೂದು ಸರಿ ಅಲ್ಲ," ಎಂದರು.

ನನಗೆ ಮನಸ್ಸಿರಲಿಲ್ಲ. ಆ ಬಿಳಿ ಬೆಳಕು ನನಗೆ ಬಹಳ ಹಿಡಿಸಿತ್ತು. ಆದರೂ ಬಲ್ಬುಗಳನ್ನು ಬಿಚ್ಚಿ ಡಬ್ಬಕ್ಕೆ ಹಾಕಿದೆ. ಅಂಗಡಿಯವರು ಅವನ್ನು ವಾಪಸು ತೆಗೆದುಕೊಂಡು, ಕಾರಿಗೆ ಮೊದಲಿದ್ದ ಬಗೆಯ ಹೊಸ ಬಲ್ಬುಗಳ ಜೊತೆಗೆ ಒಂದು ವೈರಿಂಗ್ ಸೆಟ್ಟನ್ನೂ ಕೊಟ್ಟರು. ಅದರಲ್ಲಿ ರಿಲೇ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಹಳೆಯ ಸಪೂರ ವೈರುಗಳಲ್ಲಿ ಸುತ್ತಿ ಸೊರಗದೆ ಕರೆಂಟು ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಹೋಗುವಂತೆ ಮಾಡುವುದೇ ಅದರ ಕೆಲಸ.

ಆ ಭಾನುವಾರ ನಿಜಕ್ಕೂ ಹಬ್ಬದಂತಿತ್ತು. ಹಳದಿಗಟ್ಟಿದ್ದ ಹೆಡ್‌ಲೈಟಿನ ಮುಖವನ್ನು ನೀರಿನಲ್ಲಿ ನೆನೆಸಿದ ಸ್ಯಾಂಡ್‌ಪೇಪರಿನಿಂದ ಉಜ್ಜುವ ಕೆಲಸವನ್ನು ಮಾವ ಕೇಳಿ ಪಡೆದುಕೊಂಡರು. ಬೆರಳ ತುದಿಯಿಂದ ರೇಷ್ಮೆ ನೋಡುವವರಂತೆ ಸವರಿ ಸವರಿ, "ಇಲ್ಲಿ ಇನ್ನೂ ಒರಟೈತಿ" ಎನ್ನುತ್ತ ಉಜ್ಜಿದರು. ನಾನು ವೈರು ಎಳೆದೆ. ಎಡಗಡೆಯ ದೀಪದ ವೈರನ್ನು ಕಾರಿನ ಮೈಗೆ ಬಿಗಿದಿದ್ದ ಅರ್ಥಿಂಗ್ ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ತುಕ್ಕು. ಮಿಟುಕುತ್ತಿದ್ದುದಕ್ಕೆ ಕಾರಣ ಅದೇ. ಕೆರೆದು ಹೊಳಪು ಬರಿಸಿ ಬಿಗಿದೆ. ಸ್ವಿಚ್ ಹಾಕಿದರೆ ಎರಡೂ ಹತ್ತಲಿಲ್ಲ.

ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕಾರಿನೊಳಗೆ ಸ್ವಿಚ್ ಹಾಕಲು ಕೂತಿದ್ದ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೀ, ಬ್ಯಾಟರಿ ವೈರು ಇನ್ನೂ ನಿಮ್ಮ ಹೆಗಲ ಮೇಲಿದೆ," ಎಂದಳು.

ಬ್ಯಾಟರಿಗೆ ಸಿಕ್ಕಿಸಿದ ಕೂಡಲೆ ಎರಡೂ ದೀಪ ಹತ್ತಿದವು. ಹಳದಿ ಮಿಶ್ರಿತ ತುಂಬು ಬೆಳಕು, ಮೇಲ್ಗಡೆ ಕತ್ತರಿಸಿದ ಹಾಗೆ ಗೆರೆ. ಬಲದ ಬೆಳಕು ಮಾತ್ರ ತುಸು ಮೇಲಿತ್ತು. ಮಾವ ಜುಬ್ಬಾದ ಜೇಬಿನಿಂದ ತಮ್ಮ ಬಟ್ಟೆ ಅಂಗಡಿಯ ಅಳತೆಪಟ್ಟಿ ತೆಗೆದರು. ದೀಪದ ಎತ್ತರ ಅಳೆದು ಗೋಡೆಯ ಮೇಲೆ ಅದಕ್ಕಿಂತ ತುಸು ಕೆಳಗೆ ಸೀಮೆಸುಣ್ಣದ ಗೆರೆ ಹಾಕಿದರು. ನಾನು ಸ್ಕ್ರೂ ತಿರುಗಿಸಿ ಬೆಳಕನ್ನು ಆ ಗೆರೆಗೆ ಇಳಿಸಿದೆ. ರೇಡಿಯೋ ಹಾಕಿದೆವು. ಜೀರುಂಡೆ ಇರಲಿಲ್ಲ.

ಊರಿಗೆ ಹೊರಡುವ ಮುನ್ನ ಮಾವನಿಗೆ ಬೆಂಗಳೂರಿನ ಇನ್ನೊಂದು ತುದಿಯ ರಾಜಗೋಪಾಲನಗರದಲ್ಲಿ ಮಗನ ಜೊತೆ ಇರುವ ಹಳೆಯ ಸ್ನೇಹಿತರೊಬ್ಬರನ್ನು ನೋಡಬೇಕಿತ್ತು. ಮೆಟ್ರೋದಲ್ಲಿ ಪೀಣ್ಯದವರೆಗೆ ಹೋಗಬಹುದಿತ್ತು, ಮಾವ ಕೇಳಲಿಲ್ಲ. "ಕಾರಿನ್ಯಾಗ ಹೋಗೂಣ್ರಿ. ಕತ್ತಲಾದ ಮ್ಯಾಲೇ ಹೋಗೂಣ್ರಿ." ದಾರಿಯಲ್ಲಿ ಯಾರೂ ನಮ್ಮತ್ತ ದೀಪ ಮಿನುಗಿಸಲಿಲ್ಲ.

ನಾವು ತಲುಪುವಷ್ಟರಲ್ಲಿ ಅವರ ಬೀದಿಯಲ್ಲಿ ಕರೆಂಟು ಹೋಗಿತ್ತು. ಮಾವ ಹೊಸ್ತಿಲು ಕೂಡ ದಾಟಲಿಲ್ಲ. ಕಾರನ್ನು ಮನೆಯ ಅಂಗಳಕ್ಕೆ ಮುಖಮಾಡಿ ನಿಲ್ಲಿಸಲು ಹೇಳಿ, ಸ್ನೇಹಿತರನ್ನು ಹೊರಗೆ ಕರೆದು ದೀಪ ತೋರಿಸಿದರು. ತಾವು ಉಜ್ಜಿದ್ದನ್ನು, ಗೆರೆ ಹಾಕಿದ್ದನ್ನು ಒಂದೂ ಬಿಡದೆ ಹೇಳಿದರು. ಸ್ನೇಹಿತರ ಸೊಸೆ ಅಲ್ಲೇ ಕುರ್ಚಿ ಹಾಕಿಸಿ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಪಕ್ಕದ ಬಾಡಿಗೆ ರೂಮುಗಳಿಂದ ಕಾರ್ಖಾನೆ ಕೆಲಸ ಮುಗಿಸಿ ಬಂದಿದ್ದ ನಾಲ್ಕೈದು ಜನ ಬೆಳಕಿಗೆ ಬಂದು ಕೂತರು. ಅವರಲ್ಲೊಬ್ಬರು ಹಾವೇರಿ ಕಡೆಯವರು ಎಂದು ತಿಳಿದದ್ದೇ ಮಾತು ಇನ್ನಷ್ಟು ಉದ್ದವಾಯಿತು. ದೀಪ ಆರಿಸಲು ನಾನು ಎರಡು ಸಲ ಎದ್ದೆ. "ಇರಲಿ ಬಿಡ್ರಿ, ಊಟ ಮುಗೀಲಿ," ಎಂದು ಮಾವ ಕೂರಿಸಿದರು.

ಹೊರಡುವಾಗ ಕೀ ತಿರುಗಿಸಿದರೆ ಕಾರು ಟಿಕ್ ಎಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿತ್ತು.

"ಇದೂ ನಮ್ಮದೇ ತಪ್ಪೇನ್ರಿ?" ಎಂದರು ಮಾವ.

"ನಮ್ಮಿಬ್ಬರದೂ ಮಾವ."

ಹಾವೇರಿಯವರು ಅಂಗಿಯ ತೋಳು ಮಡಚಿದರು. "ನೀವು ಸೆಕೆಂಡ್ ಗೇರಿಗೆ ಹಾಕಿ ಕೂತ್ಕೋರಿ ಅಣ್ಣಾ, ನಾವು ನೂಕ್ತೀವಿ." ಐದು ಜನ ಹಿಂದಿನಿಂದ ಕೈಹಚ್ಚಿದರು. ಮಾವ ಎಷ್ಟು ಹೇಳಿದರೂ ಕಾರಿನೊಳಗೆ ಕೂರದೆ ರಸ್ತೆಯ ಬದಿಯಲ್ಲಿ ಜೊತೆಜೊತೆಗೇ ನಡೆಯುತ್ತ, "ಹಾಂ, ಬರ್ಲಿ, ಬರ್ಲಿ!" ಎಂದು ಕೂಗುತ್ತಿದ್ದರು. ಬೀದಿಯ ತುದಿಯಲ್ಲಿ ಎಂಜಿನ್ ಜರ್ರನೆ ಹತ್ತಿಕೊಂಡಿತು. ಎಲ್ಲರೂ ಹೋ ಎಂದರು. ಮಾವ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡರು. ಇನ್ನೊಂದು ವಾರ ಇದ್ದು ಹೊಸ ಬ್ಯಾಟರಿ ಹಾಕಿಯೇ ಹೋಗುತ್ತೇನೆ ಎಂದು ಮಗಳಿಗೆ ಅಲ್ಲಿಂದಲೇ ಫೋನು ಮಾಡಿದರು.