ನಮ್ಮ ನಡುಗಡ್ಡೆ ಸರ್ಕಾರ

ಆಗ ನಮ್ಮ ಹಟ್ಟಿಯ ಹುಡುಗರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಬರಬೇಕಾದರೆ ನೀರಾದರೂ ಬೇಕಲ್ಲ. ತಳಕಿನ ಆಚೆ, ಬಳ್ಳಾರಿ ರಸ್ತೆಯ ಬದಿಗಿದ್ದ ಆ ಊರಿನಲ್ಲಿ ಕೆರೆ ಅಂದರೆ ನಮಗೆ ಚಿನ್ನಿದಾಂಡು ಆಡುವ ಬಯಲು, ಕುರಿ ಮೇಯುವ ಜಾಗ, ಬೆಳಗ್ಗೆ ತಂಬಿಗೆ ಹಿಡಿದು ಹೋಗುವ ಕಡೆ. ಏರಿ ಇತ್ತು, ತೂಬು ಇತ್ತು, ನೀರೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಹಿಂಗಾರು ಬಂತು ನೋಡಿ, ನಾಲ್ಕು ದಿನ ಬಿಡದೆ ಸುರಿಯಿತು. ಕಿತ್ತು ಒಟ್ಟಿದ್ದ ಶೇಂಗಾ ಬಳ್ಳಿಯ ಹಸಿ ವಾಸನೆ, ನೆಂದ ಕಂಬಳಿಯ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ಐದನೇ ದಿನ ಬಿಸಿಲು ಬಿದ್ದಾಗ ಏರಿ ಹತ್ತಿ ನೋಡಿದರೆ ಕೆರೆ ತುಂಬಿದೆ. ಅದರ ಮಧ್ಯೆ ಜಾಲಿ ಬೆಳೆದ ಒಂದು ದಿಬ್ಬ ನೀರಿನ ಮೇಲೆ ಉಳಿದಿದೆ. ಹಿಂದೆ ಯಾವಾಗಲೋ ಹೂಳೆತ್ತುವ ಕಾಮಗಾರಿ ನಡೆದಿತ್ತಂತೆ. ಎತ್ತಿದ ಹೂಳನ್ನು ಹೊರಗೆ ಸಾಗಿಸದೆ ಕೆರೆಯ ನಡುವೆಯೇ ಗುಡ್ಡೆ ಹಾಕಿ, ಬಿಲ್ಲು ಮಾಡಿಕೊಂಡು ಹೋಗಿದ್ದರಂತೆ. ಹಾಗಾಗಿ ನಮ್ಮ ದೇಶ ಹುಟ್ಟಿದ್ದೇ ಸರ್ಕಾರದ ಅವ್ಯವಸ್ಥೆಯಿಂದ. ದಿಬ್ಬದ ಸುತ್ತ ಮಣ್ಣು ತೋಡಿದ ಗುಂಡಿಗಳಿದ್ದವು. ನಡೆದುಕೊಂಡು ಹೋಗುವ ಮಾತೇ ಇರಲಿಲ್ಲ.

ದೇಶಕ್ಕೆ ದಾರಿ ತೋರಿಸಿದವನು ದಸ್ತು. ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ರಶೀದಣ್ಣನ ಮಗ, ನನ್ನ ಕ್ಲಾಸಿನವನೇ. ಅವನು ಅಪ್ಪನ ಕಣ್ಣು ತಪ್ಪಿಸಿ ಲಾರಿಯ ಹಳೇ ಟ್ಯೂಬೊಂದಕ್ಕೆ ಗಾಳಿ ತುಂಬಿ ಉರುಳಿಸಿಕೊಂಡು ಬಂದ. ಮೂವರು ಕೂತು ಕೈಯಲ್ಲಿ ನೀರು ಬಡಿದರೆ ನಡುಗಡ್ಡೆ ಮುಟ್ಟುತ್ತಿದ್ದೆವು. ದಸರಾ ರಜೆ ಬೇರೆ. ಹತ್ತು ಹನ್ನೆರಡು ಜನ ಪ್ರಜೆಗಳು ಅರ್ಧ ದಿನದಲ್ಲಿ ಸೇರಿಬಿಟ್ಟರು. ಎಲ್ಲರೂ ಲಂಗದ ಮಡಿಲಲ್ಲಿ, ಚಡ್ಡಿ ಜೇಬಿನಲ್ಲಿ ಹಸಿ ಶೇಂಗಾ ತರಬೇಕು, ಜಾಲಿ ಪುಳ್ಳೆಯ ಬೆಂಕಿಯಲ್ಲಿ ಸುಟ್ಟು ಹಂಚಿಕೊಂಡು ತಿನ್ನಬೇಕು. ಅದು ಮೊದಲನೇ ಕಾನೂನು. ಆ ಸುಟ್ಟ ಶೇಂಗಾದ ರುಚಿ ನನಗೆ ಮತ್ತೆ ಎಲ್ಲಿಯೂ ಸಿಕ್ಕಿಲ್ಲ.

ಅಧ್ಯಕ್ಷೆ ನಾನು. ಅದಕ್ಕೆ ಚುನಾವಣೆಯೇನೂ ಆಗಲಿಲ್ಲ. ಆ ವರ್ಷ ನಮ್ಮವ್ವ ಪಂಚಾಯ್ತಿ ಅಧ್ಯಕ್ಷೆಯಾಗಿದ್ದಳು, ಹಾಗಾಗಿ ಇಲ್ಲೂ ನಾನೇ ಎಂದುಬಿಟ್ಟೆ. "ಈ ಸಲ ಲೇಡೀಸ್ ಸೀಟು" ಎಂದಾಗ ದಸ್ತುವೂ ಬಾಯಿ ಮುಚ್ಚಿಕೊಂಡ. ಅವನನ್ನು ಸಾರಿಗೆ ಮಂತ್ರಿ ಮಾಡಿದೆ.

ಅವ್ವ ಅಧ್ಯಕ್ಷೆಯಾಗಿದ್ದಳು ಅಂದೆನಲ್ಲ, ರೊಟ್ಟಿ ತಟ್ಟುವ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದಳು, ಅಷ್ಟೆ. ಜಗಲಿಯ ಮೇಲೆ ಕೂತು ಆಡಳಿತ ಮಾಡುತ್ತಿದ್ದವನು ಅಪ್ಪ. ನಲ್ಲಿ, ಚರಂಡಿ, ಬೀದಿ ದೀಪ ಎಂದು ಬಂದವರಿಗೆಲ್ಲ ಅವನದು ಒಂದೇ ಮಾತು. "ಆಗ್ತೈತೆ, ನಾಳೆ ಬಾ." ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ಬಂದವರು ಕೆಲಸ ಆಗಿಯೇ ಹೋಯಿತೆಂಬಂತೆ ಎಲೆಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಅದನ್ನು ಕಲಿತೆ. ಒಂದು ಸೀಲು ಕೂಡ ಮಾಡಿಕೊಂಡೆ. ಸೋಡಾ ಬಾಟಲಿಯ ಬಿರಡೆಯನ್ನು ಶಾಯಿಗೆ ಅದ್ದಿ ಒತ್ತಿದರೆ ಸುತ್ತ ಹಲ್ಲುಹಲ್ಲಾದ ದುಂಡನೆ ಗುರುತು ಬೀಳುತ್ತಿತ್ತು.

ಪಾಲಿ ಬಂದದ್ದು ಎರಡನೇ ದಿನ. ಪೂರ್ತಿ ಹೆಸರು ಪಾಲಮ್ಮ. ಮೊಳಕಾಲ್ಮೂರಿನ ಕಡೆಯಿಂದ ಬಂದು ನಮ್ಮೂರಿನ ಅಜ್ಜಿಯ ಮನೆಯಲ್ಲಿದ್ದ ಹುಡುಗಿ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದಳು, ಸಿಟ್ಟು ಬೇಗ ಬರುತ್ತಿತ್ತು. ಅವಳ ಹೆಗಲ ಮೇಲೆ ಒಂದು ಕುರಿಮರಿ. ತಾಯಿ ಸತ್ತ ಮರಿ, ಇನ್ನೂ ಹುಲ್ಲು ಕಚ್ಚಲು ಬಾರದು. ಅದಕ್ಕೆ ಬುಜ್ಜಿ ಎಂದು ಹೆಸರಿಟ್ಟಿದ್ದಳು. ಔಷಧಿ ಬಾಟಲಿಯಲ್ಲಿ ಮೇಕೆ ಹಾಲು ತುಂಬಿ, ಬಾಯಿಗೆ ದಸ್ತು ಕೊಟ್ಟ ಸೈಕಲ್ ವಾಲ್‌ಟ್ಯೂಬಿನ ತುಂಡು ಸಿಕ್ಕಿಸಿ ಅವಳೇ ಕುಡಿಸುತ್ತಿದ್ದಳು.

"ಏ ಗೀತಿ, ನಮ್ಮಜ್ಜಿ ಇದನ್ನ ಸಂತೆಗೆ ಹೊಡೀತಾಳಂತೆ. ಹಾಲು ಕುಡ್ಸೋಕೆ ಯಾರು ಕುಂದ್ರುತಾರೆ ಅಂತಾಳೆ. ಕುರಿ ಕೊಳ್ಳೋ ಸಾಬ್ರು ಬಂದು ನೋಡ್ಕೊಂಡು ಹೋಗ್ಯಾರೆ."

"ಅದಕ್ಕೆ ನಾವೇನು ಮಾಡಾನ?"

"ನಡುಗಡ್ಡೆಗೆ ಬಿಡಾನ. ಅದು ಬ್ಯಾರೆ ದೇಶ ಅಂತೀಯಲ್ಲ, ಅಲ್ಲಿ ನಮ್ಮಜ್ಜಿ ಮಾತು ನಡೆಯಂಗಿಲ್ಲ. ಸಂತೆ ಮುಗಿಯೋತಂಕ ಇರ್ಲಿ, ಆಮ್ಯಾಲೆ ನಾನೇ ಕರ್ಕೊಂಡು ಹೋಗ್ತೀನಿ."

ನನಗೆ ಅಂಥ ದೊಡ್ಡ ಕೆಲಸ ಅದುವರೆಗೆ ಯಾರೂ ಒಪ್ಪಿಸಿರಲಿಲ್ಲ. ಅವಳ ಸ್ಲೇಟಿನ ಮೇಲೆ "ಬುಜ್ಜಿಗೆ ನಮ್ಮ ದೇಶದಲ್ಲಿ ಜಾಗ ಕೊಟ್ಟಿದೆ" ಎಂದು ಬರೆದೆ. ಸ್ಲೇಟಿನ ಮೇಲೆ ಶಾಯಿ ನಿಲ್ಲದು, ಆದರೂ ಸೀಲು ಒತ್ತಿದೆ. ದಸ್ತು ಮರಿಯನ್ನು ಮಡಿಲಲ್ಲಿಟ್ಟುಕೊಂಡು ದಾಟಿಸಿದ. ಪಾಲಿ ಅವತ್ತು ಎರಡು ಸಲ ಹೋಗಿ ಹಾಲು ಕುಡಿಸಿ ಬಂದಳು. ಅಜ್ಜಿಗೆ ಮರಿ ಕುರಿ ಮೇಯಿಸುವ ಕಾವಲಿನಲ್ಲಿ ತಪ್ಪಿಸಿಕೊಂಡಿತು ಎಂದು ಹೇಳಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಮಾರನೇ ಬೆಳಗ್ಗೆ ನನಗೆ ಉದ್ಘಾಟನೆಯ ಹುಚ್ಚು ಹಿಡಿಯಿತು. ಊರಿಗೆ ದೊಡ್ಡವರು ಬಂದಾಗ ಸ್ವಾಗತದ ಕಮಾನು ಕಟ್ಟುತ್ತಾರಲ್ಲ, ಹಾಗೆ ನನ್ನ ಟ್ಯೂಬಿಗೂ ಕಮಾನು ಬೇಕು ಎಂದೆ. ಮಾವಿನೆಲೆ, ಬಾಳೆಕಂಬ ನಮ್ಮ ಸೀಮೆಯಲ್ಲಿ ಎಲ್ಲಿಂದ ತರುವುದು? ಇದ್ದದ್ದು ಜಾಲಿ ಕೊಂಬೆ.

"ಮುಳ್ಳು ಐತಲ್ಲೇ, ಬ್ಯಾಡ" ಎಂದ ದಸ್ತು. ಪಂಕ್ಚರ್ ಅಂಗಡಿಯವನ ಮಗ, ಜಾಲಿಮುಳ್ಳು ಏನು ಮಾಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಅಧ್ಯಕ್ಷರು ಯಾರು, ನೀನಾ ನಾನಾ?"

ಕಟ್ಟಿದ. ಅಧ್ಯಕ್ಷೆ ಟ್ಯೂಬಿನ ಮೇಲೆ ಕೂತದ್ದೇ ತಡ, ಸುಯ್ ಅಂತು. ನಾವಿಬ್ಬರೂ ದಡದಲ್ಲೇ ಕೆಸರಿಗೆ ಬಿದ್ದೆವು. ಸುತ್ತ ಬೇರೆ ಯಾರೂ ಇರಲಿಲ್ಲ, ಅದೇ ನಮ್ಮ ಪುಣ್ಯ ಅಂದುಕೊಂಡೆ. "ಅಬ್ಬಾಗೆ ಗೊತ್ತಾದ್ರೆ ಚಮ್ಡಾ ತೆಗೀತಾರೆ" ಎಂದು ದಸ್ತು ಅಳುವ ಹಾಗಾದ. ಅಬ್ಬಾ ಅಂಗಡಿ ಬಿಟ್ಟು ಊಟಕ್ಕೆ ಹೋದಾಗ ಪ್ಯಾಚ್ ಹಾಕುತ್ತೇನೆ, ಯಾರಿಗೂ ಹೇಳಬೇಡ ಎಂದ. ನಾನೂ ಅದನ್ನೇ ಹೇಳಿದೆ. ಟ್ಯೂಬನ್ನು ಕಳ್ಳಿ ಬೇಲಿಯೊಳಗೆ ತುರುಕಿದೆವು.

ಸ್ವಲ್ಪ ಹೊತ್ತಿಗೆ ಪಾಲಿ ಬಾಟಲಿ ಹಿಡಿದು ಬಂದಳು.

"ಟ್ಯೂಬ್ ಎಲ್ಲಿ?"

"ರಿಪೇರಿ ನಡೀತೈತೆ. ನಾಳೆ ಬಾ."

ಅಪ್ಪನ ದನಿ ನನ್ನ ಬಾಯಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಪಾಲಿ ನಂಬಿದಳು. ಹಾಲನ್ನು ನೆರಳಲ್ಲಿಟ್ಟುಕೊಂಡು ಸಂಜೆವರೆಗೂ ಏರಿಯ ಮೇಲೆ ಕೂತಿದ್ದಳು. ಗಾಳಿ ಈ ಕಡೆ ಬೀಸಿದಾಗ ಮರಿ ಕೂಗುವುದು ಕೇಳುತ್ತಿತ್ತು. ರಶೀದಣ್ಣ ಅವತ್ತೂ ಮಾರನೇ ದಿನವೂ ಅಂಗಡಿ ಬಿಟ್ಟು ಅಲುಗಾಡಲಿಲ್ಲ. ಲಾರಿ ಮೇಲೆ ಲಾರಿ ಬಂದವು, ಊಟವನ್ನೂ ಅಲ್ಲಿಗೇ ತರಿಸಿಕೊಂಡರು.

ಮರುದಿನ ಅವಳು ಸ್ಲೇಟಿನ ಮೇಲೆ ಅರ್ಜಿ ಬರೆದು ತಂದಳು. "ಬುಜ್ಜಿ ನೆನ್ನೆಯಿಂದ ಹಾಲು ಕುಡಿದಿಲ್ಲ. ಟ್ಯೂಬು ಕೊಡಬೇಕು." ಅಕ್ಷರ ಸೊಟ್ಟ ಇದ್ದವು. ನಾನೇನು ಮಾಡಿದೆ ಗೊತ್ತೇ? ಬಿರಡೆಯನ್ನು ಶಾಯಿಗೆ ಅದ್ದಿ ಅರ್ಜಿಯ ಮೇಲೆ ಒತ್ತಿ ವಾಪಸು ಕೊಟ್ಟೆ. "ಸೀಲ್ ಬಿದ್ದೈತೆ, ಇನ್ನು ಆಗ್ತೈತೆ ಬಿಡು" ಎಂದೆ. ಮನೆಗೆ ಹೋಗಿ ಅವ್ವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಗ್ಗ ಹಿಡಿದು ನಾಲ್ಕು ಜನ ಗಂಡಸರು ದಾಟುತ್ತಿದ್ದರು. ಹೇಳಿದರೆ ಕಮಾನಿನ ಕಥೆ ಹೊರಬೀಳುತ್ತದೆ, ಎಲ್ಲರೂ ನಗುತ್ತಾರೆ ಎಂದು ಸುಮ್ಮನಿದ್ದೆ. ಇಷ್ಟು ವರ್ಷವಾದರೂ ನನಗೆ ನಾಚಿಕೆಯಾಗುವುದು ಆ ಸುಮ್ಮನಿದ್ದದ್ದಕ್ಕೆ.

ಟ್ಯೂಬು ಹೋದ ಮೂರನೇ ದಿನ ಬೆಳಗ್ಗೆ ರೊಟ್ಟಿ ತಿನ್ನುತ್ತಾ ಕೂತಿದ್ದೆ. ಬೀದಿಯಲ್ಲಿ ಗಲಾಟೆ. ನಮ್ಮ ಪ್ರಜೆಗಳೆಲ್ಲ ಬೇವಿನ ಸೊಪ್ಪು ಹಿಡಿದು ಮೆರವಣಿಗೆ ಬರುತ್ತಿದ್ದಾರೆ, ಮುಂದೆ ಪಾಲಿ. "ಬೇಕೇ ಬೇಕು, ಟ್ಯೂಬು ಬೇಕು." ಅಪ್ಪ ಜಗಲಿಯಿಂದ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡೇ, ನಿನ್ನ ಮಗಳ ಮ್ಯಾಲೆ ಧರಣಿ" ಎಂದು ಅವ್ವನನ್ನು ಕರೆದ.

ನಾನು ಹೊರಗೆ ಬಂದೆ. ಅಭ್ಯಾಸಬಲ ನೋಡಿ, ಆಗಲೂ "ನಾಳೆ..." ಎಂದು ಬಾಯಿ ತೆರೆದೆ. ಪಾಲಿ ಬಗ್ಗಿ ಚರಂಡಿಯ ಕೆಸರನ್ನು ಹಿಡಿ ತುಂಬ ಎತ್ತಿ ನನ್ನ ಮುಖಕ್ಕೆ ಎಸೆದಳು.

"ನಾಳೆ ನಾಳೆ ಅಂತ ಅದು ಸಾಯ್ತೈತೆ. ನಿನ್ನ ಸರ್ಕಾರ ಬ್ಯಾಡ ನಂಗೆ. ಏನೈತೋ ಬಾಯಿಬಿಟ್ಟು ಹೇಳು."

ಹೇಳಿದೆ. ಅಳುತ್ತಾ, ಕೆಸರು ಒರೆಸಿಕೊಳ್ಳುತ್ತಾ, ಜಾಲಿ ಕಮಾನಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಪ್ಪನ ನಗು ನಿಂತಿತು. ಅಷ್ಟರಲ್ಲಿ ಸದ್ದು ಕೇಳಿ ರಸ್ತೆ ಕಡೆಯಿಂದ ಬಂದಿದ್ದ ರಶೀದಣ್ಣ ದಸ್ತುವಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಅರೇ, ನಂಗೆ ಹೇಳೋದಲ್ವಾ ಮಕ್ಕಳೇ, ಹತ್ತು ನಿಮಿಷದ ಕೆಲ್ಸ" ಎಂದು ಬೇರೊಂದು ಟ್ಯೂಬಿಗೆ ಗಾಳಿ ತುಂಬಿಕೊಂಡು ಓಡಿದರು.

ನಾವೆಲ್ಲ ಏರಿಯ ಮೇಲೆ ನಿಂತು ನೋಡಿದೆವು. ಅವತ್ತು ಮರಿಯ ಕೂಗು ಕೇಳುತ್ತಿರಲಿಲ್ಲ. ಬುಜ್ಜಿ ನಡುಗಡ್ಡೆಯ ಅಂಚಿನಲ್ಲಿ, ನೀರಿಗೆ ಎರಡು ಗೇಣು ದೂರದಲ್ಲಿ, ಊರ ಕಡೆಗೆ ಮುಖ ಮಾಡಿ ಮಲಗಿತ್ತಂತೆ. ರಶೀದಣ್ಣ ಅದನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು ಪಾಲಿಯ ಕೈಗೆ ಕೊಟ್ಟರು. ಅವಳು ಅಳಲಿಲ್ಲ. ಬಾಟಲಿಯ ವಾಲ್‌ಟ್ಯೂಬನ್ನು ಕಿತ್ತು ದಸ್ತುವಿಗೆ ವಾಪಸು ಕೊಟ್ಟಳು.

ಆ ವರ್ಷ ಪೂರ್ತಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಬೇಸಿಗೆಯಲ್ಲಿ ಅವಳ ಅಪ್ಪ ಬಂದು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಕೆರೆಯೂ ಬತ್ತಿ, ನಮ್ಮ ದೇಶ ಮತ್ತೆ ಬರೀ ದಿಬ್ಬವಾಗಿತ್ತು.

ನಾನೀಗ ಸರ್ಕಾರಿ ನೌಕರಳು. ಚಳ್ಳಕೆರೆ, ಮೊಳಕಾಲ್ಮೂರು ಎಂದು ಈ ಸುತ್ತಿನಲ್ಲೇ ವರ್ಗವಾಗುತ್ತಾ ಬಂದಿದ್ದೇನೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೂ ನಿಮಗೆ ವ್ಯತ್ಯಾಸ ತಿಳಿಯದು. ಹೋದ ತಿಂಗಳು ಕಿಟಕಿಯ ಮುಂದೆ ಒಬ್ಬ ಹೆಂಗಸು ನಿಂತಳು. ಅವಳ ಅವ್ವನ ಪಿಂಚಣಿ ನಿಂತಿದೆ. ಶೇಂಗಾ ಬಿಡಿಸಿ ಬಿಡಿಸಿ ಮುದುಕಿಯ ಹೆಬ್ಬೆಟ್ಟು ಸವೆದುಹೋಗಿದೆ, ಮಿಷನ್ನು ಒಪ್ಪುತ್ತಿಲ್ಲ. ಮೂರನೇ ಸಲ ಬಂದಿದ್ದೇನೆ ಎಂದಳು. ನಾನು ತಲೆ ಎತ್ತದೆ, "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದೆ. ಅರ್ಜಿಯ ಮೇಲೆ ಸೀಲು ಒತ್ತುವಾಗ ಕೆಳಗಿನ ಸಹಿ ಕಂಡಿತು. ಪಾಲಮ್ಮ. ಅಕ್ಷರ ಈಗಲೂ ಸೊಟ್ಟ.

"ಪಾಲಿ, ನಾನು ಗೊತ್ತಾಗಲಿಲ್ವಾ?" ಎಂದೆ.

"ಮೊದಲ್ನೇ ಸಲ ಬಂದಾಗ್ಲೇ ಗೊತ್ತಾತು ಮೇಡಂ."

"ಮತ್ತೆ ಯಾಕೆ ಸುಮ್ನಿದ್ದೆ? ಬೈಬೇಕಿತ್ತು."

ಅವಳು ನಕ್ಕಳು. ಮುಂದಿನ ಹಲ್ಲೊಂದು ಬಿದ್ದಿತ್ತು. "ಬೈದ್ರೆ ಆಗ್ತೈತಾ ಮೇಡಂ? ನೀವಾದ್ರೂ ಏನ್ ಮಾಡ್ತೀರಿ."

ಅವತ್ತೇ ಕೂತು ಅವಳ ಕೆಲಸ ಮಾಡಿಕೊಟ್ಟೆ ಎಂದು ಬರೆಯಲು ಆಸೆ. ಸರ್ವರ್ ನಿಜವಾಗಿಯೂ ಇರಲಿಲ್ಲ. ಎರಡು ಕಡೆ ಫೋನು ಮಾಡಿದೆ, ಅಲ್ಲಿಯೂ ನಾಳೆ ಎಂದರು. ಚಹಾ ತರಿಸುತ್ತೇನೆ, ಕೂತುಕೋ ಎಂದೆ. ಬಸ್ಸಿಗೆ ಹೊತ್ತಾಗುತ್ತದೆ ಎಂದಳು. ನನ್ನ ಸೀಲು ಬಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈ ಜೋಡಿಸಿ, "ಆಗ್ಲಿ ಮೇಡಂ, ನಾಳೆ ಬರ್ತೀನಿ" ಎಂದು ಮೆಟ್ಟಿಲು ಇಳಿದಳು.

ಹಿಂದಿನ ಸಾಲಿನಲ್ಲಿದ್ದವರು ಮುಂದೆ ಬಂದರು. ಅವರೂ ಯಾರೂ ದನಿ ಎತ್ತುವುದಿಲ್ಲ, ದಿನಾ ಹೀಗೆಯೇ ಬರುತ್ತಾರೆ, ಕೈ ಮುಗಿಯುತ್ತಾರೆ, ಹೋಗುತ್ತಾರೆ. ನಾನು ಅವಳು ಹೋದ ಬಾಗಿಲನ್ನೇ ನೋಡುತ್ತಾ ಕೂತೆ. ತಿರುಗಿ ಬಂದು, ಎಲ್ಲರ ಮುಂದೆ, ಒಂದೇ ಒಂದು ಸಲ "ಏ ಗೀತಿ" ಅಂದಿದ್ದರೆ ಸಾಕಿತ್ತು.