ನೋಡದೆ ಕೂಗಿದ ಮಾತು

ಸಲಾಕೆ ಚುಚ್ಚಿ ನೋಡುವುದು ನನ್ನ ಕೆಲಸವಾಗಿತ್ತು. ಅವತ್ತು ನಾನು ನೋಡಲಿಲ್ಲ. ನೋಡಿದೆ ಎಂದು ಅಣ್ಣ ನಂಬಿದ. ಇಷ್ಟು ವರ್ಷ ಕಾಯಿನ್ ಫೋನಿನಿಂದ ಊರಿಗೆ ಬೆಂಗಳೂರಿನ ಸುದ್ದಿ ಎಷ್ಟೋ ಹೇಳಿದ್ದೇನೆ. ಇದೊಂದನ್ನು ಹೇಳಿರಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಣ್ಣನ ಜೊತೆ ಸಿಂಧನೂರು ಕಡೆಯಿಂದ ಬಂದು ಕೆಂಗೇರಿ ಆಚೆಯ ಒಂದು ಕಾಗದದ ಕಾರ್ಖಾನೆಗೆ ಸೇರಿದ ದಿನ ಬೆಚ್ಚಿದ್ದು ಒಂದು ರಾಶಿ ನೋಡಿ. ಮರದ ತೊಗಟೆ, ಸಾಮಿಲ್ಲಿನ ಪುಡಿ, ಕಟ್ಟಿಗೆ ಚೂರು, ಎಲ್ಲ ಸೇರಿ ಮನೆಯಷ್ಟು ಎತ್ತರ. ನಮ್ಮಲ್ಲಿ ಇಂಥದ್ದು ಒಲೆಗೆ, ಉಳಿದರೆ ತಿಪ್ಪೆಗೆ. ಇಲ್ಲಿ ಬಾಯ್ಲರಿಗೆ ಸುರಿದು ಆವಿ ಎಬ್ಬಿಸಿ, ಟರ್ಬೈನ್ ತಿರುಗಿಸಿ ಕರೆಂಟು ಮಾಡುತ್ತಾರೆ. ಕಾಗದ ಒಣಗಿಸುವುದಕ್ಕೂ ಅದೇ ಆವಿ. ಊರಲ್ಲಿ ಅವ್ವ ಕರೆಂಟು ಹೋಗಿ ಚಿಮಣಿ ಹಚ್ಚುವ ಹೊತ್ತಿಗೆ ನಾವಿಲ್ಲಿ ಕಸದಿಂದ ಬೆಳಕು ತೆಗೆಯುತ್ತಿದ್ದೆವು.

ಮೂಡಲಪಾಳ್ಯದಲ್ಲಿ ಶೀಟಿನ ರೂಮು ಸಿಕ್ಕಿತು. ಬೆಳಿಗ್ಗೆ ಅಣ್ಣ ರೊಟ್ಟಿ ಬಡಿದರೆ ಓನರ್ ಆಂಟಿ ಮೇಲಿನಿಂದ ಇಳಿದು ಬಂದು, ಗೋಡೆ ಒಡೀತಿದೀರೇನಪ್ಪಾ ಎಂದು ಕೇಳುತ್ತಿದ್ದರು. ಕೆಲವು ವಾರ ಕಳೆದು ಅವರೇ ತಟ್ಟೆ ಕಳಿಸಿ ರೊಟ್ಟಿ ಕೇಳಿದಾಗ ಅಣ್ಣ ಗೆದ್ದವನ ಹಾಗೆ ನಕ್ಕ. ಬದಲಿಗೆ ಬಂದ ಮುದ್ದೆಯನ್ನು ಅಗಿದು ತಿಂದು ನಾವು ನಗೆಪಾಟಲಾದೆವು. ರಾಶಿ ಹಾಕುವ ಯಾರ್ಡಿನ ಹುಡುಗರು ‘ಮಗಾ’ ಎಂದರೆ ನನಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಗೆಳೆಯರನ್ನು ಕರೆಯುವುದೇ ಹಾಗಂತೆ. ಅಣ್ಣ ಬೇಗ ಹೊಂದಿಕೊಂಡ. ನನ್ನ ಕಾಲು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಬಿಡುವಾದರೆ ಬಸ್ಸು ಹತ್ತಿ ರಾಜಾಜಿನಗರ, ವಿಜಯನಗರ ಎಂದು ಸುಮ್ಮನೆ ಸುತ್ತುತ್ತಿದ್ದೆ.

ಹಸಿ ತೊಗಟೆಯ ರಾಶಿ ಒಳಗೊಳಗೇ ಕಾಯುತ್ತದೆ, ನೆನೆದ ಮೇವಿನ ಬಣವೆಯ ಹಾಗೆ. ಮೇಲೆ ಹೊಗೆಯಿಲ್ಲದೆ ಒಳಗೆ ಕೆಂಡವಿರಬಹುದು. ಅದಕ್ಕೇ ಒಬ್ಬನು ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಮುಟ್ಟಿ ನೋಡಬೇಕು. “ತಣ್ಣಗೈತಿ” ಎಂದು ಅವನು ಕೂಗಿದರೆ ಇನ್ನೊಬ್ಬ ಹತ್ತಿ ರಾಶಿ ಕೆದರುತ್ತಾನೆ. ಹತ್ತುವವನು ಮತ್ತೆ ಮುಟ್ಟಿ ನೋಡುವ ರೂಢಿಯಿಲ್ಲ. ಆ ಮಾತೇ ಸಾಕು.

ಅವತ್ತು ಶಿಫ್ಟ್ ಮುಗಿದ ಕೂಡಲೇ ಸಿನಿಮಾಕ್ಕೆ ಹೋಗೋಣವೆಂದು ಹೊಸ ಅಂಗಿಯಲ್ಲೇ ಬಂದಿದ್ದೆ. ತೊಗಟೆ ನೀರಿನ ಕಲೆ ಒಗೆದರೂ ಹೋಗುವುದಿಲ್ಲ. ಸಲಾಕೆ ಮುಟ್ಟದೆ ಕೂಗಿಬಿಟ್ಟೆ. ಅಣ್ಣ ಹತ್ತಿದ. ನಡುಮಧ್ಯ ಹೋಗುವಷ್ಟರಲ್ಲಿ ಬಲಗಾಲು ಮೊಣಕಾಲಿನತನಕ ಕುಸಿದು ಕೆಂಡದೊಳಗೆ ಹೋಯಿತು.

ಆಸ್ಪತ್ರೆಗೆ ಬಂದ ಸೂಪರ್‌ವೈಸರ್ ನನ್ನನ್ನು ಬೈಯತೊಡಗಿದರು. ಅಣ್ಣ ಮಲಗಿದಲ್ಲಿಂದಲೇ ತಡೆದ.

“ಅವ ನೋಡೇ ಹೇಳ್ಯಾನ್ರಿ ಸಾರ್. ಬೆಂಕಿ ಆಮ್ಯಾಲೆ ಎದ್ದಿರಬೇಕು.”

ನಾನು ತಲೆ ತಗ್ಗಿಸಿದೆ. ನೋಡಿದವರಿಗೆ ಅದು ಬರೀ ದುಃಖ.

ಅಣ್ಣ ಊರಿಗೆ ಹೋದ. ಕಾಲು ಉಳಿಯಿತು, ಕುಂಟೂ ಉಳಿಯಿತು. ಆಮೇಲೆ ನಾನು ಕಾಮಾಕ್ಷಿಪಾಳ್ಯಕ್ಕೆ, ಅಲ್ಲಿಂದ ಕೆಂಗೇರಿಗೆ ರೂಮು ಬದಲಿಸಿದೆ. ಸಲಾಕೆ ಚುಚ್ಚದೆ ಮತ್ತೆಂದೂ ಕೂಗಿಲ್ಲ. ಅದರಿಂದ ಎದೆಯ ಭಾರವೇನೂ ಇಳಿಯಲಿಲ್ಲ. ಊರಿಗೆ ಹೋದರೆ ಬೆಂಗಳೂರಿನವ ಬಂದ ಎನ್ನುತ್ತಾರೆ. ಇಲ್ಲಿ ಬಾಯಿ ತೆರೆದರೆ ಯಾವ ಕಡೆಯವರು ನೀವು ಎಂದು ಕೇಳುತ್ತಾರೆ. ಅಲ್ಲಿ ಅಣ್ಣನ ಎದುರು ಕೂರಲಾರೆ, ಇಲ್ಲಿ ರಾಶಿಯ ಎದುರು ನಿಲ್ಲಲಾರೆ.

ಹೋದ ಸಲ ಊರಿಗೆ ಹೋದಾಗ ಅಣ್ಣ ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡ. ಕುಂತು ಕುಂತು ಬೇಸರವಾಗಿದೆ, ಯಾರ್ಡಿನಲ್ಲಿ ಮತ್ತೆ ಕೆಲಸ ಕೊಡಿಸು ಎಂದ. ಈ ಕಾಲಿನಲ್ಲಿ ರಾಶಿ ಹತ್ತುತ್ತೀಯಾ ಎಂದು ಕೇಳಿದೆ.

“ನೀ ಕೆಳಗ ನಿಂತಿದ್ರ ಹತ್ತೀನಿ ತಮ್ಮಾ,” ಎಂದ. “ಬ್ಯಾರೆಯವರ ಮಾತಿಗೆ ಹತ್ತಾಂವಲ್ಲ ನಾ.”

ನಾನು ಎದ್ದು ನಿಂತೆ. ಮತ್ತೆ ಕೂತೆ.

“ಅಣ್ಣಾ, ಅವತ್ತು ನಾ ಸಲಾಕಿ ಚುಚ್ಚಿದ್ದಿಲ್ಲ. ನೋಡಲಾರದ ಕೂಗಿದೆ. ನೀ ನನ್ನ ಪರ ಮಾತಾಡಿದಾಗೂ ಸುಮ್ನಿದ್ದೆ. ನಂದು ತಪ್ಪಾತು, ಅಣ್ಣಾ.”